ಇಂಜಿನ್ನಿನ ಕಿವಿ ಮತ್ತು ಒಂದು ವಾಷರ್

ನನ್ನ ಗಂಡನ ಕಿವಿ ಮಂದವಾಗುತ್ತಿದೆ ಎಂದು ನನಗೆ ಗೊತ್ತಾದದ್ದು ಒಂದು ಭಾನುವಾರ ಬೆಳಿಗ್ಗೆ, ಸಾಸಿವೆಯಿಂದ. ಉಪ್ಪಿಟ್ಟಿಗೆ ಒಗ್ಗರಣೆ ಇಟ್ಟಿದ್ದೆ. ಸಾಸಿವೆ ಚಟಪಟ ಸಿಡಿದು ಗೋಡೆಗೆಲ್ಲ ಹಾರುತ್ತಿತ್ತು. ಅವರು ಅಡುಗೆಮನೆಯ ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತವರು, "ಸಾಸಿವೆ ಹಾಕಿ ಎಷ್ಟೊತ್ತಾಯ್ತೇ, ಇನ್ನೂ ಸಿಡೀಲಿಲ್ವಲ್ಲ. ಎಣ್ಣೆ ಕಾದಿಲ್ಲ ನೋಡು" ಎಂದರು. ನಾನು ತಿರುಗಿ ಅವರ ಮುಖ ನೋಡಿದೆ. ತಮಾಷೆ ಮಾಡುತ್ತಿರಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಅದೊಂದು ಸಣ್ಣ ವಿಷಯ. ಆದರೆ ನಮ್ಮ ಮನೆಯ ಅನ್ನ ಬರುತ್ತಿದ್ದದ್ದೇ ಅವರ ಕಿವಿಯಿಂದ. ಜಯನಗರದಲ್ಲಿ ಒಂದು ಖಾಲಿ ಸೈಟಿನ ಮೂಲೆಯಲ್ಲಿ ಶೀಟು ಹೊದಿಸಿದ ಶೆಡ್ಡು, ಅದೇ ಅವರ ಗ್ಯಾರೇಜು. ಎಪ್ಪತ್ತರ ದಶಕದಲ್ಲಿ ಊರಿನಲ್ಲಿ ಓಡುತ್ತಿದ್ದದ್ದು ಎರಡು ಮೂರು ಬಗೆಯ ಕಾರುಗಳು ಮಾತ್ರ. ಅವುಗಳನ್ನು ರಿಪೇರಿ ಮಾಡುವವರು ಗಲ್ಲಿಗೊಬ್ಬರಿದ್ದರು. ಆದರೂ ಬನಶಂಕರಿಯಿಂದ, ಬಸವನಗುಡಿಯಿಂದ ಜನ ಇವರನ್ನೇ ಹುಡುಕಿಕೊಂಡು ಬರುತ್ತಿದ್ದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಊರಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ, "ಮೂರನೇ ಸಿಲಿಂಡರ್" ಎನ್ನುತ್ತಿದ್ದರು. ಬಿಚ್ಚಿ ನೋಡಿದರೆ ಮೂರನೆಯದೇ ಆಗಿರುತ್ತಿತ್ತು. ಮದುವೆಯಾದ ಹೊಸದರಲ್ಲಿ ಅದನ್ನು ಕಂಡು ನಾನು ಬೆರಗಾಗಿ ನಿಂತುಬಿಟ್ಟಿದ್ದೆ.

ಕಿವಿ ಕೆಡಿಸಿದ್ದು ಹಳೆಯ ಕೆಲಸ. ಗ್ಯಾರೇಜು ಇಡುವ ಮುಂಚೆ ಅವರು ಕೆಲವು ವರ್ಷ ಒಂದು ಕಾರ್ಖಾನೆಯ ಶೆಡ್ಡಿನಲ್ಲಿ ದುಡಿದಿದ್ದರು. ಅಲ್ಲಿ ದಿನವಿಡೀ ಇಂಜಿನ್ನುಗಳನ್ನು ಪೂರ್ತಿ ವೇಗದಲ್ಲಿ ಓಡಿಸಿ ಪರೀಕ್ಷಿಸುತ್ತಿದ್ದರಂತೆ. ಮಾತೆಲ್ಲ ಸರಿಯಾಗಿಯೇ ಕೇಳುತ್ತಿತ್ತು. ಬಸ್ಸು, ಲಾರಿ, ನನ್ನ ಬೈಗುಳ ಎಲ್ಲ ಕೇಳುತ್ತಿತ್ತು. ಕೇಳದೆ ಹೋಗಿದ್ದು ತೆಳುವಾದ, ಚೂಪಾದ ಸದ್ದುಗಳು ಮಾತ್ರ: ಸಾಸಿವೆ, ಜೀರುಂಡೆ, ಬಳೆ. ಮತ್ತು ಇಂಜಿನ್ನಿನ ನಾಕ್.

ನಾಕ್ ಎಂದರೇನು ಎಂದು ಅವರು ನನಗೆ ವಿವರಿಸಿದ್ದು ಅದೇ ಭಾನುವಾರ, ಉಪ್ಪಿಟ್ಟು ತಣ್ಣಗಾಗುವವರೆಗೂ. ಸಿಲಿಂಡರಿನೊಳಗೆ ಪೆಟ್ರೋಲು ಮತ್ತು ಗಾಳಿಯ ಮಿಶ್ರಣಕ್ಕೆ ಸ್ಪಾರ್ಕ್ ಪ್ಲಗ್ಗು ಕಿಡಿ ಕೊಡುತ್ತದೆ. ಬೆಂಕಿ ಆ ಕಡೆಯಿಂದ ಈ ಕಡೆಗೆ ಹರಡಿಕೊಂಡು ಬಂದು ಪಿಸ್ಟನ್ನನ್ನು ತಳ್ಳಬೇಕು. ಕಿಡಿ ಸ್ವಲ್ಪ ಬೇಗ ಬಿದ್ದರೆ, ಅಥವಾ ಪೆಟ್ರೋಲು ಕಳಪೆಯಾಗಿದ್ದರೆ, ಬೆಂಕಿ ಬರುವ ಮೊದಲೇ ದೂರದ ಮೂಲೆಯಲ್ಲಿದ್ದ ಮಿಶ್ರಣ ಬಿಸಿಗೂ ಒತ್ತಡಕ್ಕೂ ತಾನೇ ಸಿಡಿಯುತ್ತದೆ. ಅದು ತಳ್ಳುವುದಿಲ್ಲ, ಸುತ್ತಿಗೆಯಲ್ಲಿ ಬಡಿದ ಹಾಗೆ ಬಡಿಯುತ್ತದೆ. ಹೊರಗೆ ನಮಗೆ ಕೇಳುವುದು ಟಿಣ್ ಟಿಣ್ ಎಂಬ ಸಣ್ಣ ಸದ್ದು. ಅದನ್ನು ಕೇಳಿಸಿಕೊಳ್ಳದೆ ಓಡಿಸುತ್ತಲೇ ಇದ್ದರೆ ಒಂದು ದಿನ ಪಿಸ್ಟನ್ನೇ ತೂತಾಗುತ್ತದೆ.

"ಎರಡು ಗಾಡಿ ವಾಪಸ್ ಬಂದ್ವು," ಎಂದರು ಅವರು, ತಟ್ಟೆ ನೋಡುತ್ತಾ. "ಸರಿಯಾಗಿದೆ ಅಂತ ಕಳಿಸಿದ್ದೆ. ಏರು ಹತ್ತುವಾಗ ನಾಕ್ ಹೊಡೀತಿದೆ ಅಂತ ತಗೊಂಬಂದ್ರು. ನನಗೆ ಕೇಳಲಿಲ್ಲ ಕಣೇ. ಈ ವಿಷಯ ಹೊರಗೆ ಗೊತ್ತಾದ್ರೆ ಮುಗೀತು."

ನಾನು ಅಳುತ್ತಾ ಕೂರುವವಳಲ್ಲ, ಸಿಡುಕುವವಳು. "ನನ್ನ ಕಿವಿಗೇನಾಗಿದೆ? ನಾನು ಬರ್ತೀನಿ" ಎಂದೆ.

ಹೀಗೆ ಶುರುವಾಯಿತು ನಮ್ಮ ಕಳ್ಳ ವ್ಯವಹಾರ. ಟೈಮಿಂಗ್, ಅಂದರೆ ಕಿಡಿ ಬೀಳುವ ಹೊತ್ತು, ಸರಿಮಾಡಿದ ಪ್ರತಿ ಕಾರನ್ನೂ ಅವರು ಮನೆಯ ಹತ್ತಿರ ತರುತ್ತಿದ್ದರು. ಡಿಕ್ಕಿಯಲ್ಲಿ ಎರಡು ಮೂಟೆ ಮರಳು, ಭಾರಕ್ಕೆ. ನಾನು ಬೇರೆ ಸೀರೆ ಉಟ್ಟು, ಹೂ ಮುಡಿದು, ಅವರ ಪಕ್ಕದಲ್ಲಿ ಕೂರುತ್ತಿದ್ದೆ. ನೋಡಿದವರು ಸುತ್ತಾಟಕ್ಕೆ ಹೊರಟಿದ್ದಾರೆ ಅಂದುಕೊಳ್ಳಲಿ ಎಂದೇ ಆ ಹೂವು. ಪದ್ಮನಾಭನಗರ ದಾಟಿದರೆ ಕುಮಾರಸ್ವಾಮಿ ಲೇಔಟಿನ ಕಡೆ ಆಗ ಬರೀ ಕೆಮ್ಮಣ್ಣು, ಸೈಟಿನ ಕಲ್ಲುಗಳು, ಒಂದು ಒಳ್ಳೆಯ ಏರು. ಆ ಏರಿನಲ್ಲಿ ಟಾಪ್ ಗೇರಿನಲ್ಲೇ ನಿಧಾನಕ್ಕೆ ಹೋಗಿ, ಇದ್ದಕ್ಕಿದ್ದಂತೆ ಆಕ್ಸಿಲರೇಟರ್ ಒತ್ತುತ್ತಿದ್ದರು. ಇಂಜಿನ್ನು ಏದುಸಿರು ಬಿಡುತ್ತಿತ್ತು. ನಾಕ್ ಇದ್ದರೆ ಬಾಯಿ ಬಿಡುವುದು ಆಗಲೇ. ಅವರ ಎಡಗೈ ಗೇರಿನ ಮೇಲಿರುತ್ತಿತ್ತು. ಸದ್ದು ಬಂದರೆ ನಾನು ಅವರ ಮಣಿಕಟ್ಟಿನ ಮೇಲೆ ಬೆರಳಿನಿಂದ ಒಂದು ಸಲ ತಟ್ಟುತ್ತಿದ್ದೆ. ಅವರು ನಿಲ್ಲಿಸಿ, ಬಾನೆಟ್ ಎತ್ತಿ, ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ತಿರುಗಿಸಿ ಕಿಡಿಯನ್ನು ಹಿಂದಕ್ಕೆ ಹಾಕುತ್ತಿದ್ದರು, ಅಂದರೆ ಅದು ಒಂದಿಷ್ಟು ತಡವಾಗಿ ಬೀಳುವಂತೆ. ಮತ್ತೆ ಏರು. ಸದ್ದು ಹೋಗಿದ್ದರೆ ಎರಡು ಸಲ ತಟ್ಟುತ್ತಿದ್ದೆ. ಮಾತಿಲ್ಲ. ಕಾರಿನ ಯಜಮಾನರು ಹಿಂದೆ ಕೂತಿದ್ದರೂ ಗೊತ್ತಾಗುತ್ತಿರಲಿಲ್ಲ.

ಮೊದಮೊದಲು ಎಲ್ಲ ಸದ್ದಿಗೂ ತಟ್ಟಿ ಬೈಸಿಕೊಂಡೆ. ವಾಲ್ವು ತಳ್ಳುವ ಟ್ಯಾಪೆಟ್ಟಿನ ಸದ್ದು ಇಂಜಿನ್ನು ಸುಮ್ಮನೆ ನಿಂತಾಗಲೂ ಇರುತ್ತದೆ, ನಾಕ್ ಭಾರ ಬಿದ್ದಾಗ ಮಾತ್ರ ಬರುತ್ತದೆ ಎಂದು ಕಲಿತೆ. ಆಮೇಲಾಮೇಲೆ ಎಂಥ ಗದ್ದಲದೊಳಗಿಂದಲೂ ಆ ಒಂದು ಸದ್ದನ್ನು ಹೆಕ್ಕಿ ತೆಗೆಯುತ್ತಿದ್ದೆ, ಅಕ್ಕಿಯಿಂದ ಕಲ್ಲು ಹೆಕ್ಕಿದ ಹಾಗೆ. ಪಕ್ಕದ ಮನೆಯಾಕೆ, "ಏನ್ರೀ, ವಾರಕ್ಕೊಂದು ಕಾರು, ನಿಮ್ಮೆಜಮಾನ್ರಿಗೆ ನಿಮ್ಮ ಮೇಲೆ ಎಷ್ಟ್ ಪ್ರೀತಿ" ಎಂದು ಕೆಣಕುತ್ತಿದ್ದರು. ನಾನು ನಕ್ಕು ಸುಮ್ಮನಾಗುತ್ತಿದ್ದೆ. ಹೆಸರೆಲ್ಲ ಅವರಿಗೆ, ಕಿವಿ ನನ್ನದು ಎಂದು ಒಮ್ಮೊಮ್ಮೆ ಉರಿಯುತ್ತಿತ್ತು. ಇಲ್ಲ ಎಂದರೆ ಸುಳ್ಳಾಗುತ್ತದೆ.

ಅವರ ಇನ್ನೊಂದು ಗುಣ ಇಲ್ಲಿ ಹೇಳಬೇಕು. ವಾಷರ್ ಹಾಕದೆ ಅವರು ಜೀವಮಾನದಲ್ಲಿ ಒಂದು ಬೋಲ್ಟು ಬಿಗಿದವರಲ್ಲ. ಕಾರಿಗಷ್ಟೇ ಅಲ್ಲ, ಮನೆಯ ಬೀರುವಿನ ಹಿಡಿ, ಬಟ್ಟೆ ಒಣಹಾಕುವ ತಂತಿಯ ಕೊಕ್ಕೆ, ನನ್ನ ಹೊಲಿಗೆ ಯಂತ್ರದ ಕಾಲು, ಎಲ್ಲದರ ಅಡಿಯಲ್ಲೂ ಒಂದು ವಾಷರ್. ಕಂಪೆನಿಯವರು ಹಾಕಿರದಿದ್ದರೆ ಮರೆತಿದ್ದಾರೆ ಎಂದೇ ಅವರ ತೀರ್ಮಾನ. ಇಂಜಿನ್ನಿನ ಜೋಡಣೆಗಳ ನಡುವೆ ಇಡುವ ಮೆತ್ತನೆಯ ಗ್ಯಾಸ್ಕೆಟ್ ಹಾಳೆ, ಅದರ ಹಳೆಯ ತುಂಡುಗಳನ್ನು ಕತ್ತರಿಸಿ ತಾವೇ ದುಂಡಗೆ ವಾಷರ್ ಮಾಡಿ ಒಂದು ಡಬ್ಬಿ ತುಂಬ ಇಟ್ಟುಕೊಂಡಿದ್ದರು. ಅದು ಅವರ ಕಸುಬಿನ ಮರ್ಯಾದೆ.

ಎಂಬತ್ತರ ದಶಕ ಅರ್ಧ ಕಳೆದಿತ್ತು. ಇಂಗ್ಲೆಂಡಿನಲ್ಲಿ ಬಹಳ ವರ್ಷ ಇದ್ದು ಬಂದ ಡಾಕ್ಟರೊಬ್ಬರು ಜೆ.ಪಿ. ನಗರದಲ್ಲಿ ಮನೆ ಮಾಡಿದ್ದರು. ಐವತ್ತರ ಆಸುಪಾಸಿನ ಹೆಂಗಸು, ತಾವೇ ಕಾರು ಓಡಿಸುತ್ತಿದ್ದರು. ಬರುವಾಗ ಜೊತೆಗೆ ತಂದಿದ್ದ ಕಾರು ಆಯಿಲ್ ಸೋರುತ್ತಿದೆ ಎಂದು ನಮ್ಮ ಶೆಡ್ಡಿಗೆ ತಂದರು. ಅದರ ಜೊತೆ ಇಟ್ಟಿಗೆ ಗಾತ್ರದ ಒಂದು ರಿಪೇರಿ ಪುಸ್ತಕವನ್ನೂ ಕೊಟ್ಟು ಹೋದರು, ಪೂರ್ತಿ ಇಂಗ್ಲಿಷಿನದು.

ನಮ್ಮವರಿಗೆ ಇಂಗ್ಲಿಷು ಅಷ್ಟಕ್ಕಷ್ಟೆ. ನಾನು ಪಿಯುಸಿ ಓದಿದವಳು. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು, ಅವರಿಗೆ ಬೇಕಾದ ಪುಟಗಳನ್ನು ಓದಿ ಹೇಳುವುದು ನನ್ನ ಕೆಲಸವಾಯಿತು. ಆಯಿಲ್ ಸೋರುತ್ತಿದ್ದ ಜಾಗ ತಲುಪಲು ಏನೇನು ಬಿಚ್ಚಬೇಕು ಎಂಬ ಪಟ್ಟಿಯಲ್ಲಿ ಒಂದು ಹೆಸರು ನನ್ನನ್ನು ಹಿಡಿದು ನಿಲ್ಲಿಸಿತು: ನಾಕ್ ಸೆನ್ಸರ್.

"ಏನಂತೆ ಅದು?" ಎಂದರು.

ನಾನು ಪುಟ ತಿರುವಿ ಓದಿದೆ. ಒಂದು ಸಲ ಓದಿ ನಂಬದೆ ಮತ್ತೊಂದು ಸಲ ಓದಿದೆ. "ನಾಕ್ ಕೇಳಿಸ್ಕೊಳತ್ತಂತೆ ರೀ. ಇಂಜಿನ್ನಿಗೇ ಬೋಲ್ಟ್ ಹಾಕಿ ಕೂರಿಸಿದಾರೆ. ಸದ್ದು ಬಂದ ತಕ್ಷಣ ಹೇಳತ್ತಂತೆ, ಕಿಡಿ ತಾನೇ ಹಿಂದಕ್ಕೆ ಹೋಗತ್ತಂತೆ. ಸದ್ದು ನಿಂತ್ಮೇಲೆ ಮೆಲ್ಲಗೆ ಮತ್ತೆ ಮುಂದಕ್ಕೆ ಬರತ್ತಂತೆ."

ಬಿಚ್ಚಿ ಕೈಗೆ ಕೊಟ್ಟರು. ಪುಟ್ಟ ಉದ್ದಿನವಡೆಯ ಹಾಗೆ, ನಡುವೆ ತೂತು, ಒಂದು ಕಡೆಯಿಂದ ವೈರು. ಅಂಗೈಯಲ್ಲಿ ಅದರ ಭಾರವೇ ಗೊತ್ತಾಗಲಿಲ್ಲ. ಹತ್ತು ವರ್ಷ ಸೀರೆ ಉಟ್ಟು, ಹೂ ಮುಡಿದು, ಆ ಏರು ಹತ್ತಿ ಇಳಿದು ನಾನು ಮಾಡಿದ ಕೆಲಸವನ್ನು ಇದು ಕತ್ತಲಲ್ಲಿ, ಎಣ್ಣೆ ಮೆತ್ತಿಕೊಂಡು, ಒಂದು ಗಳಿಗೆ ಬಿಡದೆ ಮಾಡುತ್ತಿತ್ತು. ನನಗೆ ಮೈ ಜುಮ್ಮೆಂದಿತು. ದೇವರ ಮುಂದೆ ನಿಂತಾಗ ಆಗುವಂಥದ್ದೇ ಒಂದು ಭಾವ, ಜೊತೆಗೆ ಒಂದಿಷ್ಟು ಹೊಟ್ಟೆಕಿಚ್ಚು.

ಸಂಜೆ ಡಾಕ್ಟರು ಬಂದಾಗ ಕೇಳಿದೆ, ಕಿವಿಯಿಲ್ಲದೆ ಇದಕ್ಕೆ ಹೇಗೆ ಕೇಳುತ್ತದೆ ಎಂದು. ಅವರು ನಕ್ಕು, "ನಿಮ್ಮನೇಲಿ ಗ್ಯಾಸ್ ಲೈಟರ್ ಇದ್ಯಲ್ಲಮ್ಮ, ಟಕ್ ಅಂತ ಒತ್ತಿದ್ರೆ ಕಿಡಿ ಬರತ್ತಲ್ಲ? ಅದರೊಳಗೊಂದು ಹರಳಿರತ್ತೆ. ಅದಕ್ಕೆ ಪೆಟ್ಟು ಬಿದ್ರೆ ಕರೆಂಟ್ ಹುಟ್ಟತ್ತೆ. ಇದರೊಳಗೂ ಅಂಥದ್ದೇ. ಗಾಳೀಲಿ ಬರೋ ಸದ್ದು ಇದಕ್ಕೆ ಬೇಕಾಗಿಲ್ಲ, ಇಂಜಿನ್ನಿನ ಮೈ ನಡುಗೋದು ಸಾಕು. ನಾಕ್ ಆದಾಗ ಮೈ ಒಂದು ಥರ ನಡುಗತ್ತೆ, ಆ ಥರದ ನಡುಕಾನೇ ಇದು ಗುರುತು ಹಿಡಿಯೋದು" ಎಂದರು. ಹಾಗಾದರೆ ಇದು ನಮ್ಮವರ ಸ್ಕ್ರೂಡ್ರೈವರಿನ ಜಾತಿಯದೇ ಎಂದುಕೊಂಡೆ. ಮರುದಿನ ಬೆಳಿಗ್ಗೆ ಒಲೆ ಹಚ್ಚುವಾಗ ಲೈಟರನ್ನು ಸುಮ್ಮನೆ ಐದಾರು ಸಲ ಒತ್ತಿ ನೋಡಿದೆ.

ಆಯಿಲ್ ಸೋರುವುದು ನಿಂತಿತು. ಬಿಚ್ಚಿದ್ದನ್ನೆಲ್ಲ ಮತ್ತೆ ಜೋಡಿಸಿದರು. ಜೋಡಿಸುವಾಗ ನಾನು ಅಲ್ಲಿರಲಿಲ್ಲ, ಪುಸ್ತಕವೂ ಅವರಿಗೆ ಬೇಕಾಗಲಿಲ್ಲ. ಬಿಚ್ಚಿದ ಕೈಗೆ ಜೋಡಿಸಲು ಪುಸ್ತಕ ಬೇಕೇ ಎಂಬ ಜಂಬ.

ಸಂಜೆ ನಾಲ್ಕಕ್ಕೆ ಏರಿನ ಪರೀಕ್ಷೆ. ಡಾಕ್ಟರು ಹಿಂದೆ ಕೂತಿದ್ದರು, ಮರುದಿನ ತಾಯಿಯನ್ನು ಕರೆದುಕೊಂಡು ಅದೇ ಕಾರಿನಲ್ಲಿ ಮೈಸೂರಿಗೆ ಹೊರಡುವವರು. ಕಿಟಕಿ ಏರಿಸಿದರೆ ಹೊರಗಿನ ಪ್ರಪಂಚವೇ ಇಲ್ಲದಂಥ ಕಾರು ಅದು. ನಾನು ಎಂದಿನಂತೆ ಮುಂದೆ ಕೂತು ಕಿಟಕಿಯನ್ನು ಒಂದು ಬೆರಳಿನಷ್ಟು ಇಳಿಸಿಕೊಂಡೆ. ಏರು ಬಂತು. ಆಕ್ಸಿಲರೇಟರ್ ಒತ್ತಿದರು.

ಟಿಣ್ ಟಿಣ್ ಟಿಣ್.

ಮಣಿಕಟ್ಟಿನ ಮೇಲೆ ಒಂದು ಸಲ ತಟ್ಟಿದೆ. ಅವರು ರಸ್ತೆ ನೋಡುತ್ತಲೇ ಸಣ್ಣಗೆ ತಲೆಯಾಡಿಸಿದರು, ಇಲ್ಲ ಎಂದು. ಮತ್ತೆ ತಟ್ಟಿದೆ, ಸ್ವಲ್ಪ ಜೋರಾಗಿ. ಅವರು ಕೈಯನ್ನು ಗೇರಿನ ಮೇಲಿಂದ ತೆಗೆದು ಸ್ಟೇರಿಂಗಿನ ಮೇಲೆ ಇಟ್ಟುಕೊಂಡರು.

ಹತ್ತು ವರ್ಷದಲ್ಲಿ ಅವರು ಹಾಗೆ ಕೈ ತೆಗೆದಿರಲಿಲ್ಲ. ನನ್ನ ಬೆರಳು ಗಾಳಿಯಲ್ಲೇ ಉಳಿಯಿತು. ಎದೆಗೆ ಚುಚ್ಚಿದಂತಾಯಿತು, ಸಿಟ್ಟೂ ಬಂತು. ಅವರ ಮನಸ್ಸಿನಲ್ಲಿ ಏನು ಓಡುತ್ತಿತ್ತು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಈ ಕಾರಿಗೆ ಅದರದ್ದೇ ಕಿವಿಯಿದೆ, ನಾಕ್ ಆಗಲು ಅದು ಬಿಡುವುದಿಲ್ಲ, ಹೆಂಗಸು ಏನೋ ಕೇಳಿಸಿಕೊಂಡಿದ್ದಾಳೆ. ಇಂಗ್ಲೆಂಡಿನ ವಡೆಯ ಮುಂದೆ ನನ್ನ ಕಿವಿ ಸುಳ್ಳಾಗಿತ್ತು.

ಶೆಡ್ಡಿಗೆ ವಾಪಸಾದೆವು. "ಫಸ್ಟ್‌ಕ್ಲಾಸಾಗಿದೆ ಮೇಡಂ, ನಾಳೆ ಧಾರಾಳವಾಗಿ ಹೋಗ್ಬನ್ನಿ" ಎಂದು ಬೀಗದಕೈ ಚಾಚಿದರು. ಡಾಕ್ಟರು ತೆಗೆದುಕೊಂಡರು.

ಸುಮ್ಮನಿದ್ದರೆ ಮನೆಯ ಗುಟ್ಟು ಉಳಿಯುತ್ತಿತ್ತು. ಮೈಸೂರಿನ ದಾರಿಯಲ್ಲಿ ಕಾರಿಗೆ ಏನಾದರೂ ಆದರೆ ಆಗಲಿ ಎಂದು ಬಿಡಬೇಕಿತ್ತು, ಅಷ್ಟೆ. ನನ್ನ ಕೈಲಾಗಲಿಲ್ಲ. "ಮೇಡಂ, ತಗೊಂಡ್ಹೋಗ್ಬೇಡಿ. ನಾಕ್ ಹೊಡೀತಿದೆ" ಎಂದೆ.

ಡಾಕ್ಟರು ನನ್ನ ಗಂಡನ ಕಡೆ ನೋಡಿದರು. "ನೀವು ಫಸ್ಟ್‌ಕ್ಲಾಸ್ ಅಂದ್ರಿ?"

"ಅವಳಿಗೇನ್ ಗೊತ್ತು ಮೇಡಂ" ಎಂದರು ನನ್ನ ಗಂಡ.

ಆ ಮಾತನ್ನು ನಾನು ಇವತ್ತಿಗೂ ಮರೆತಿಲ್ಲ, ಅವರೂ ಮರೆಯಲಿಲ್ಲ. ನಾನು ಕಾರಿನ ಮುಂದಿನ ಸೀಟಿನಿಂದ ಪುಸ್ತಕ ತಂದು, ಶೆಡ್ಡಿನ ಬೆಂಚಿನ ಮೇಲೆ ಇಟ್ಟು, ಆ ಪುಟ ತೆಗೆದು, ಡಾಕ್ಟರಿಗೆ ಕೇಳುವಂತೆ ಗಟ್ಟಿಯಾಗಿ ಕನ್ನಡದಲ್ಲಿ ಓದಿ ಹೇಳತೊಡಗಿದೆ. ಸೆನ್ಸರ್ ಸರಿಯಿದೆಯೇ ಎಂದು ನೋಡುವುದು ಹೀಗೆ: ಬಿಸಿಯಾದ ಇಂಜಿನ್ನನ್ನು ಒಂದೇ ವೇಗದಲ್ಲಿ ಓಡಿಸಿಡಬೇಕು. ಇಂಜಿನ್ನಿನ ಮುಂಭಾಗದಲ್ಲಿ ತಿರುಗುವ ಚಕ್ರದ ಮೇಲಿನ ಗುರುತಿಗೆ ಟೈಮಿಂಗ್ ಲೈಟ್ ಬಿಡಬೇಕು. ಸೆನ್ಸರಿನ ಪಕ್ಕದಲ್ಲಿ ಇಂಜಿನ್ನಿನ ಮೈಗೆ ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಬೇಕು. ಕಿವಿ ನೆಟ್ಟಗಿದ್ದರೆ ಅದು ಆ ಪೆಟ್ಟನ್ನು ನಾಕ್ ಎಂದು ತಿಳಿದು ಕಿಡಿಯನ್ನು ಹಿಂದಕ್ಕೆ ಎಳೆಯುತ್ತದೆ, ಗುರುತು ಜರುಗುತ್ತದೆ.

"ಮಾಡಿ ನೋಡೋಣ" ಎಂದರು ಡಾಕ್ಟರು. ತಾವೇ ಒಳಗೆ ಕೂತು ಆಕ್ಸಿಲರೇಟರ್ ಹಿಡಿದರು.

ನಮ್ಮವರು ಲೈಟು ಹಿಡಿದರು. ಒಂದೊಂದು ಕಿಡಿಗೂ ಒಂದೊಂದು ಸಲ ಮಿಂಚುವ ಬೆಳಕು ಅದು. ಆ ಬೆಳಕಿನಲ್ಲಿ, ಕಣ್ಣಿಗೆ ಕಾಣದಷ್ಟು ವೇಗದಲ್ಲಿ ತಿರುಗುವ ಚಕ್ರ ತಟಸ್ಥವಾಗಿ ನಿಂತ ಹಾಗೆ ಕಾಣುತ್ತದೆ. ನಾನು ಸುತ್ತಿಗೆ ಹಿಡಿದು ಬಗ್ಗಿ ತಟ್ಟಿದೆ. ಗುರುತು ಅಲುಗಲಿಲ್ಲ. ಮತ್ತೆ ತಟ್ಟಿದೆ. ಇಲ್ಲ.

"ಹೊಸದು ಬೇಕೇನೋ. ತರಿಸೋಕೆ ಬರೀಲಾ?" ಎಂದರು ಡಾಕ್ಟರು, ಇಂಜಿನ್ ನಿಲ್ಲಿಸಿ.

ನಾನು ಓದುವುದನ್ನು ಮುಂದುವರಿಸಿದೆ. ಇದನ್ನು ಇಷ್ಟು ವರ್ಷಕ್ಕೊಮ್ಮೆ ಬದಲಿಸಬೇಕು ಎಂಬ ಲೆಕ್ಕವೇನೂ ಇಲ್ಲ. ವೈರು ತುಂಡಾಗಿದ್ದರೆ, ಜೋಡಣೆಗೆ ಕಿಲುಬು ಹಿಡಿದಿದ್ದರೆ ಮೊದಲು ಅದನ್ನು ಸರಿಮಾಡಬೇಕು. ಕೆಳಗೆ ಬಿದ್ದು ಒಳಗಿನ ಹರಳು ಬಿರುಕು ಬಿಟ್ಟಿದ್ದರೆ ಬದಲಿಸಲೇಬೇಕು. ಕಿವುಡಾದ ಸೆನ್ಸರು ಎರಡು ಥರ ಕಾಟ ಕೊಡುತ್ತದೆ. ವೈರೇ ಕಡಿದುಹೋದರೆ ಇಂಜಿನ್ನು ಹೆದರಿ ಕಿಡಿಯನ್ನು ಸದಾ ಹಿಂದಕ್ಕೇ ಇಟ್ಟುಕೊಳ್ಳುತ್ತದೆ, ಆಗ ಗಾಡಿ ಎಳೆಯುವುದಿಲ್ಲ, ಪೆಟ್ರೋಲು ಕುಡಿಯುತ್ತದೆ. ವೈರು ಸರಿಯಿದ್ದು ನಡುಕ ಮಾತ್ರ ತಲುಪದಿದ್ದರೆ, ಎಲ್ಲ ಚೆನ್ನಾಗಿದೆ ಎಂದುಕೊಂಡು ನಾಕ್ ಹೊಡೆಯುತ್ತಲೇ ಓಡುತ್ತದೆ. ಆದ್ದರಿಂದ ಹೊಸದು ಹಾಕುವ ಮೊದಲು, ಅದು ಕೂತಿರುವ ರೀತಿ ನೋಡಿ. ಲೋಹಕ್ಕೆ ಲೋಹ ನೇರವಾಗಿ ತಾಗಿರಬೇಕು. ಕೆಳಗಿನ ಕೊನೆಯ ಸಾಲು ದಪ್ಪಕ್ಷರದಲ್ಲಿತ್ತು. ಅದನ್ನು ಓದಿದಾಗ ನನ್ನ ದನಿ ತಾನಾಗಿ ಇಳಿಯಿತು.

"ನಡುವೆ ಯಾವ ವಾಷರನ್ನೂ ಹಾಕಕೂಡದು."

ನನ್ನ ಗಂಡ ಬೆಂಚಿನ ಮೇಲಿದ್ದ ವಾಷರಿನ ಡಬ್ಬಿಯನ್ನು ನೋಡಿದರು, ಆಮೇಲೆ ಇಂಜಿನ್ನನ್ನು ನೋಡಿದರು. ಪಾನಾ ತೆಗೆದುಕೊಂಡು, ಬಿಸಿ ಇಂಜಿನ್ನಿನೊಳಗೆ ಕೈ ಹಾಕಿ, ಸುಟ್ಟುಕೊಂಡು, ಬೋಲ್ಟು ಬಿಚ್ಚಿದರು. ಸೆನ್ಸರಿನ ಅಡಿಯಿಂದ ಗ್ಯಾಸ್ಕೆಟ್ ಹಾಳೆಯ ದುಂಡನೆಯ ವಾಷರು ಬಂತು. ಇಷ್ಟು ಮೆತ್ತನೆಯದು ಸಾಕಾಗಿತ್ತು, ಆ ಹರಳಿನ ಕಿವಿ ಮುಚ್ಚಲು. ಎಷ್ಟು ಸೂಕ್ಷ್ಮವಾಗಿ ಕೇಳುತ್ತಿದ್ದಿರಬೇಕು ಅದು, ಒಂದು ಕಾಗದದಷ್ಟು ಅಡ್ಡ ಬಂದರೂ ಕೇಳದೆ ಹೋಗುವಷ್ಟು. ಅವರ ಮೇಲೆ ಸಿಟ್ಟಿದ್ದರೂ ನನಗೆ ಆ ಕ್ಷಣ ಬೆರಗೇ ಹೆಚ್ಚಾಯಿತು.

ಜಾಗವನ್ನು ಒರೆಸಿ, ಜಿಡ್ಡು ತೆಗೆದು, ಬರಿಯ ಲೋಹದ ಮೇಲೆ ಸೆನ್ಸರ್ ಕೂರಿಸಿದರು. ಬಿಗಿಯೂ ಪುಸ್ತಕ ಹೇಳಿದಷ್ಟೇ ಇರಬೇಕಿತ್ತು, ಹೆಚ್ಚಾದರೂ ತಪ್ಪು, ಸಡಿಲವಾದರೂ ತಪ್ಪು. ಕಾರ್ಖಾನೆಯ ದಿನಗಳಿಂದ ಉಳಿದಿದ್ದ, ಬಿಗಿಯ ಅಳತೆ ತೋರಿಸುವ ಪಾನಾವನ್ನು ಹುಡುಕಿ ತೆಗೆದು, ಮುಳ್ಳು ನೋಡಿಕೊಂಡು ಬಿಗಿದರು. ಡಾಕ್ಟರು ಮತ್ತೆ ಇಂಜಿನ್ ಚಾಲು ಮಾಡಿದರು. ನನ್ನ ಗಂಡ ಲೈಟು ಹಿಡಿದರು. ನಾನು ಸುತ್ತಿಗೆ ಎತ್ತಿ, ಮಣಿಕಟ್ಟಿನ ಮೇಲೆ ತಟ್ಟುವಷ್ಟೇ ಮೆಲ್ಲಗೆ, ಒಂದು ಸಲ ತಟ್ಟಿದೆ.

ನಿಂತಿದ್ದ ಗುರುತು ಸರಕ್ಕನೆ ಹಿಂದಕ್ಕೆ ಜರುಗಿತು. ತಟ್ಟುವುದನ್ನು ನಿಲ್ಲಿಸಿದೆ. ಮೆಲ್ಲಮೆಲ್ಲಗೆ, ನಂಬಿಕೆ ಬಂದ ಮೇಲೆ ಬರುವ ಹಾಗೆ, ಮತ್ತೆ ತನ್ನ ಜಾಗಕ್ಕೆ ಬಂತು. ಮತ್ತೆ ತಟ್ಟಿದೆ, ಮತ್ತೆ ಜರುಗಿತು. ನನ್ನ ಕಣ್ಣು ತುಂಬಿಬಂತು. ಕಬ್ಬಿಣಕ್ಕೆ ನನ್ನ ಮಾತು ಅರ್ಥವಾಗಿತ್ತು.

ತಲೆಯೆತ್ತಿದರೆ ನಮ್ಮವರು ಚಕ್ರವನ್ನು ಬಿಟ್ಟು ನನ್ನನ್ನು ನೋಡುತ್ತಿದ್ದರು. ಲೈಟು ಆರಿಸಿದರು. ಡಾಕ್ಟರು ಕೆಳಗಿಳಿದು ಬರುವವರೆಗೆ ಕಾದು, ಕೈ ಒರೆಸಿಕೊಳ್ಳುತ್ತಾ ಹೇಳಿದರು: "ಮೇಡಂ, ಆ ಸದ್ದು ನನಗೆ ಕೇಳಲ್ಲ. ಹತ್ತು ವರ್ಷ ಆಯ್ತು ಕೇಳದೆ. ಇಷ್ಟು ದಿನ ಈ ಗ್ಯಾರೇಜಲ್ಲಿ ಕೇಳ್ತಾ ಇದ್ದದ್ದು ಇವಳು. ಅವಳಿಗೇನ್ ಗೊತ್ತು ಅಂದ್ನಲ್ಲ, ಅದು ನನ್ನ ತಪ್ಪು."

ಆ ಮಾತು ಆಡಲು ಅವರಿಗೆ ಎಷ್ಟು ಕಷ್ಟವಾಯಿತು ಎಂದು ನನಗೊಬ್ಬಳಿಗೇ ಗೊತ್ತು. ಇನ್ನು ಶೆಡ್ಡಿಗೆ ಯಾರು ಬರುತ್ತಾರೆ ಎಂಬುದು ನನ್ನ ಚಿಂತೆ. ಡಾಕ್ಟರು ಅವರನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಕಿವಿಯ ಬಗ್ಗೆ ಒಂದು ಮಾತೂ ಕೇಳದೆ, "ಸರಿ, ಇನ್ನೊಂದ್ಸಲ ಏರಿಗೆ ಹೋಗ್ಬರೋಣ" ಎಂದು ಹಿಂದಿನ ಬಾಗಿಲು ತೆಗೆದರು.

ಬಿಸಿಲು ಇಳಿದಿತ್ತು. ನನ್ನ ಹೂವು ಬಾಡಿತ್ತು, ಕೈಯೆಲ್ಲ ಮಸಿ. ಕೆಮ್ಮಣ್ಣಿನ ಏರು ಬಂದಾಗ ಅವರು ಎಡಗೈಯನ್ನು ಮೊದಲಿನ ಹಾಗೆ ಗೇರಿನ ಮೇಲಿಟ್ಟರು. ಆಕ್ಸಿಲರೇಟರ್ ಒತ್ತಿದರು. ಇಂಜಿನ್ನು ಭಾರ ಎಳೆಯಿತು. ನಾನು ಉಸಿರು ಹಿಡಿದು ಕೇಳಿದೆ. ಎಲ್ಲೋ ಒಂದು ಟಿಣ್ ಹುಟ್ಟಿತು, ಎರಡನೆಯದು ಹುಟ್ಟುವ ಮೊದಲೇ ಸತ್ತಿತು. ಆಮೇಲೆ ಏರು ಮುಗಿಯುವವರೆಗೆ ಗಾಳಿಯ ಸದ್ದು, ಟೈರಿನ ಸದ್ದು, ಅಷ್ಟೆ.

"ಏನಂತೆ, ಹೇಗಿದೆ?" ಎಂದು ಹಿಂದಿನಿಂದ ಡಾಕ್ಟರು ಕೇಳಿದರು.

ಎರಡು ಸಲ ತಟ್ಟಲು ನನ್ನ ಬೆರಳು ಆಗಲೇ ಅವರ ಮಣಿಕಟ್ಟಿನ ಹತ್ತಿರ ಹೋಗಿತ್ತು. ಅವರು ರಸ್ತೆಯಿಂದ ಕಣ್ಣು ತೆಗೆಯದೆ, "ಇವಳನ್ನೇ ಕೇಳಿ ಮೇಡಂ" ಎಂದರು.

ನಾನು ಹಿಂದಕ್ಕೆ ತಿರುಗಿ, ಬಾಯಿಬಿಟ್ಟು ಹೇಳಿದೆ. "ನಾಕ್ ಇಲ್ಲ ಮೇಡಂ. ನಾಳೆ ಹೋಗ್ಬನ್ನಿ."